ಎರಿಮಣ್ಣಿನ್ಯಾಗ ಎರಡು ರೇಡಿಯೋ

ಸಿಬಿ ಹಚ್ಚಲೋ, ಹ್ಯಾಮ್ ಹಚ್ಚಲೋ ಅಕ್ಕಾ, ಅಂತ
ಜಿಪ್ಸಿಯ ಬಾನೆಟ್ ಮ್ಯಾಲ ಮೊಳಕೈ ಊರಿ ಕೇಳಾಕತ್ತಿ, ಮಲಕಣ್ಣ.
ಮೊದಲ ಕೈ ತಗಿ. ಬ್ಯಾಟರಿ ಬಿಚ್ಚೀನಿ.
ಈ ಬೆಸುಗಿ ಆರಲಿ, ಹೇಳತೀನಿ.

ಸಿಬಿ ಅಂದರ ಕಟ್ಟಿ ಮ್ಯಾಗಿನ ಮಾತು.
ಲೈಸನ್ಸ್ ಬ್ಯಾಡ, ಹೆಸರು ಬ್ಯಾಡ,
ಗುಂಡಿ ಒತ್ತಿ "ಏ, ಎಲ್ಲಿದ್ದೀಯೋ?" ಅಂದರ ಆತು.
ಎಲ್ಲಾರೂ ಕೇಳತಾರ, ನಡುವ ಬಾಯಿ ಹಾಕತಾರ.
ಆಂಟೆನಾ ಮಾತ್ರ ಒಂಬತ್ತು ಫೂಟ ಬೇಡತೈತಿ,
ಗಿಡ್ಡ ಮಾಡಿದರ ಮೂಕಾಗತೈತಿ,
ದಾರಿ ಮ್ಯಾಗಿನ ಜಾಲಿಯೆಲ್ಲಾ ಅದರ ಕೂಡ ಜಗಳಾ ತಗೀತಾವ.
ಎರಡು ಮೈಲಿ, ಭಾಳ ಆದರ ಮೂರು.
ಆಮ್ಯಾಲ ಎಣ್ಣ್ಯಾಗ ಮಿರ್ಚಿ ಬಿಟ್ಟ ಸಪ್ಪಳ, ಅಷ್ಟ.

ಹ್ಯಾಮಿಗೆ ಪರೀಕ್ಷಿ ಐತಿ.
ನಾ ಬರದೀನಿ. ನಗಬ್ಯಾಡ.
ಕರೆಂಟಿನ ಪ್ರಶ್ನಿ ನನಗ ಅಂಜಿಕಿ ಇರಲಿಲ್ಲ,
ಹತ್ತು ವರ್ಷ ಬಟ್ಟು ಸುಟಗೊಂಡು ಕಲತದ್ದು.
ಕಾಯ್ದೆದ್ದು ಬಾಯಿಪಾಠ ಮಾಡಿದೆ, ರೊಟ್ಟಿ ಬಡಕೋತ.
ವಿಚಾರಣಿಗೆ ಪೊಲೀಸಪ್ಪ ಮನಿಗೆ ಬಂದಾಗ
ನಮ್ಮತ್ತಿ ಚಹಾಕ್ಕ ಎರಡು ಸಲ ಸಕ್ಕರಿ ಹಾಕಿ
"ನಮ್ಮ ಸೊಸಿ ಅಂಥಾಕಿ ಅಲ್ಲರಿ" ಅಂದಳು.
ಎಂಥಾಕಿ ಅಂತ ಆತಗೂ ಗೊತ್ತಿಲ್ಲ, ಆಕಿಗೂ ಗೊತ್ತಿಲ್ಲ.

ಆಮ್ಯಾಲ ಹೆಸರು ಬಂತು:
ವಿಯು ಮೂರು, ಮುಂದ ಮೂರು ಅಕ್ಷರ.
ಅಪ್ಪ ಇಟ್ಟದ್ದು ಒಂದು, ಗಂಡನ ಮನ್ಯಾಗ ಕರದದ್ದು ಒಂದು,
ಇದು ನಾ ದುಡದು ತಗೊಂಡದ್ದು.

ರಿಪೀಟರ್ ಅಂದರೇನು ಅಂತಿ?
ಸಾಲಿಯವರ ಜೋಡಿ ಗುಮ್ಮಟ ಹತ್ತಿ
ಗ್ವಾಡಿಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದ್ದಿ,
ಆಚಿ ಕಡೆ ಯಾವಾಕಿನೋ ಕೇಳಿ ನಕ್ಕಿದ್ದಳು, ಹೌದಿಲ್ಲೋ?
ಹಂಗ. ಆದರ ಇದು ಏಳು ಸಲ ಅನ್ನಂಗಿಲ್ಲ.
ಒಂದ ಸಲ ಅಂತೈತಿ, ದೂರ ಅಂತೈತಿ.

ಹೋದ ವರ್ಷ, ಸೀಗಿ ಹುಣ್ಣಿವಿ ಮುಂದ,
ಸಾತಿಹಾಳ ದಾಟಿ ಡೋಣಿ ದಂಡಿ ಹಿಡದು
ನಾಕು ಜೀಪು ಹೊಂಟಿದ್ವಿ. ನಂದು ಕಡೀಕ.
ಎರಿಮಣ್ಣು ನಿನಗ ಹೇಳೂದೇನು?
ಒಣಗಿದರ ಕಬ್ಬಿಣ, ಹಸಿ ಆದರ ಬೀಗರು,
ಕಾಲು ಹಿಡದರ ಬಿಡಂಗಿಲ್ಲ.
ಅಚ್ಚಿನ ಮಟಾ ಹುಗದು ನಿಂತಿತು ಗಾಡಿ.

ಹ್ಯಾಮ್ ತಗದು ಕರದೆ. ದನಿ ಬಂತು,
ತೊಳದ ಗಂಗಾಳದಂಥ ದನಿ.
ಸೊಲ್ಲಾಪುರದ ಮುದುಕ, ರೇಲ್ವೆ ಪೆನ್ಶನ್ನಿನವ,
ಅರ್ಧಾ ಮರಾಠಿ, ಅರ್ಧಾ ನಮ್ಮದು.
ನಿಂತ ಜಾಗದ ಅಂಕಿ ಬರಕೊಂಡ,
ತಿರುಗಿ ಓದಿ ತೋರಿಸಿದ,
"ಊಟ ಆತೇನ ತಾಯಿ?" ಅಂದ.
ಅಷ್ಟು ದೂರದಿಂದ ಹೊಟ್ಟಿ ಕೇಳಿದ.
ಹಗ್ಗ ಅವನ ಕಡೆ ಇರಲಿಲ್ಲ.

ಹಗ್ಗ ಇದ್ದದ್ದು ಬಂದೇನವಾಜನ ಕಡೆ,
ಒಂದ ಮೈಲಿ ಮುಂದ, ಜ್ವಾಳದ ಹೊಲದ ಆಚಿ.
ಅಂವಂದು ಸಿಬಿ. ಹೆಬ್ಬಟ್ಟು ಒತ್ತುವ ಮನಶ್ಯಾ,
ಎಂಜಿನ್ನಿನ ಕೆಮ್ಮು ಕೇಳಿ ಯಾವ ವಾಲ್ವ್ ಸುಟ್ಟೈತಿ ಅಂತ ಹೇಳವ.
ಅಂವಗ ಯಾವ ಪರೀಕ್ಷಿ, ಯಾವ ಅಕ್ಷರ?
"ಅಕ್ಕಾ, ಅಕ್ಕಾ" ಅಂತ ಡಬ್ಬಿಗೆ ಬಾಯಿ ಹಚ್ಚಿ ಒದರಿದನಂತ.
ನನ್ನ ಸಿಬಿ ನಾನ ಬಿಚ್ಚಿ ಮಾರಿದ್ದೆ, ಹಿಂದಿನ ತಿಂಗಳ.
ಮೂರನೇ ಹೆಸರಿನ ಸೊಕ್ಕು.

ಮೂರು ತಾಸಿನ ಮ್ಯಾಲ
ಮೊಣಕಾಲ ಮಟಾ ಕೆಸರು, ಹೆಗಲ ಮ್ಯಾಲ ಹಗ್ಗ,
ನಡಕೋತ ಬಂದ, ಬರೇ ಬಾಯಿಲೆ ಕರಕೋತ.
ನಾ ಹಾರ್ನ್ ಹೊಡದೆ. ಅಷ್ಟ ನಮ್ಮ ಮಾತು.

ಎರಡೂ ಹಚ್ಚು ಅಂದರ
ಅಂಗಡ್ಯಾಕಿ ಧಂದೆ ಮಾಡತಾಳ ಅಂತಿ.
ಹೋಗಲಿ, ಇಷ್ಟು ಹೇಳು:
ನಿನ್ನ ಹಿಂದಿನ ಗಾಡ್ಯಾಗ ಯಾರು ಇರತಾರ?

ಆ ಮುದುಕ ಈಗೂ ಐತವಾರ ಮುಂಜಾನಿ ಕರೀತಾನ,
ನಾ ದುಡದ ಹೆಸರು ಹಿಡದು.
ಒಲಿ ಮ್ಯಾಗಿನ ಹಾಲು ಬಿಟ್ಟು ಎದ್ದು ಹೋಗತೀನಿ.

ಹಿಡಿ ಈ ತಂತಿ.
ಕೆಂಪಲ್ಲೋ, ಕರೀದು.