ಕಣ್ಣು ಮುಚ್ಚಿದ ಪದರ

ಬೆಲೆ ಎಷ್ಟು ಅಂದೆ. ಬೆಲೆಯಿಲ್ಲ ಅಂದ ಯೆರ್ಕೊ.
ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ
ಅನ್ನುವವಳಲ್ಲ ನಾನು;
ನಲವತ್ತು ವರ್ಷ ವಾಲ್ಪರಾಯಿಸೊದ ಮದುಮಗಳಂದಿರ ಅಳತೆ ತೆಗೆದವಳು,
ಅಗ್ಗದ ಬಟ್ಟೆ ಮೊದಲ ಒಗೆತಕ್ಕೇ ಕುಗ್ಗುವುದು ಬಲ್ಲವಳು.
"ಇದು ಕುಗ್ಗುವುದಿಲ್ಲ ದೋನ್ಯಾ ಸುನಿಲ್ದಾ,
ಎಷ್ಟು ಹಿಗ್ಗಿಸಿದರೂ ಗೆರೆಯ ಅಂಚು ಒಡೆಯುವುದಿಲ್ಲ."

ಗ್ರಂಥಾಲಯದ ನೆಲಮಾಳಿಗೆ, ಕಿಟಕಿಯಿಲ್ಲ.
ಮೂಲೆಯಲ್ಲಿ ಗಾಜಿನ ಮುಚ್ಚಳದ ಲೇಸರ್ ಯಂತ್ರ.
ಮೊದಲ ವಾರ ನನ್ನ ಮೌಸ್ ಎಳೆದದ್ದೆಲ್ಲ ಕೋಳಿ ಕೆರೆದ ತಿಪ್ಪೆ.
ಆಮೇಲೆ ತಿಳಿಯಿತು:
ಚುಕ್ಕಿಯ ಅಕ್ಕಪಕ್ಕ ಮೀಸೆಯಂಥ ಎರಡು ಹಿಡಿಕೆ,
ಮೀಸೆ ತಿರುವಿದತ್ತ ಗೆರೆಯ ಮನಸ್ಸು.
ಹೊಸದೇನಲ್ಲ. ಕಂಕುಳ ತಿರುವು,
ಸೊಂಟ ಇಳಿದು ಹರಡುವ ಜಾಗ.
ಕೈಗೆ ಸೀಮೆಸುಣ್ಣ ಮೆತ್ತುವುದಿಲ್ಲ, ಅಷ್ಟೇ.

ಬಿಡಿಸಬೇಕಿದ್ದದ್ದು ನಮ್ಮ ಗುಡ್ಡ.
ಎರಡು ಅಂಗೈಯಗಲ ಪ್ಲೈವುಡ್ಡಿನ ಮೇಲೆ
ಮೆಟ್ಟಿಲು, ಓಣಿ, ಕೈಕಂಬಿ, ಬೇಕರಿ.
ತಮ್ಮ ನಿಬಾಲ್ದೊನ ದೀಪಗಳನ್ನು
ಸಕ್ಕರೆ ಕಾಯಿಲೆ ಒಂದೊಂದಾಗಿ ಆರಿಸಿತು,
ಮೂರು ವರ್ಷದಿಂದ ಬಾಡಿಗೆ ಮನೆಯ ಹೊಸಿಲು ದಾಟಿಲ್ಲ.
ಕಣ್ಣಿಗೆ ಇಲ್ಲದ ಊರು ಬೆರಳಿಗಾದರೂ ಸಿಗಲಿ.

"ಗೆರೆಗೆ ದಪ್ಪವೇ ಇಲ್ಲ" ಅಂದ ಯೆರ್ಕೊ,
"ಇಲ್ಲಿಂದ ಅಲ್ಲಿಗೆ ಅನ್ನುವುದಷ್ಟೇ. ದಪ್ಪ ಇರುವುದು ಬೆಂಕಿಗೆ.
ಕತ್ತರಿಸುತ್ತಾ ಕೂದಲೆಳೆಯಷ್ಟು ತಿಂದುಬಿಡುತ್ತದೆ.
ಒಂದೊಂದು ಮನೆಯೂ ಒಂದೊಂದು ಬಿಲ್ಲೆ,
ತನ್ನ ಗೂಡಿನಲ್ಲಿ ಬಿಗಿಯಾಗಿ ಕೂರಬೇಕಾದರೆ
ಬೆಂಕಿಯ ಪಾಲು ಮೊದಲೇ ಬಿಟ್ಟಿರಬೇಕು."
ನಗು ಬಂತು. ಹೊಲಿಗೆಗೆ ಅಂಚು ಬಿಡದೆ ಕತ್ತರಿಸಿದ ಉಡುಪು
ಚರ್ಚಿನ ಬಾಗಿಲಲ್ಲೇ ಬಿರಿದದ್ದು ಕಂಡವಳು ನಾನು.
ಬಿಟ್ಟೆ. ಕತ್ತರಿಸಲು ಕೆಂಪು ಗೆರೆ, ಕೆತ್ತಲು ನೀಲಿ,
ಮನೆಗಳಿಗೆ ಬೇರೆಯದೇ ಪದರ.

ಪದರಕ್ಕೊಂದು ಪುಟ್ಟ ಕಣ್ಣಿದೆ ಪರದೆಯ ಬದಿಗೆ.
ಒತ್ತಿದರೆ ಮುಚ್ಚುತ್ತದೆ, ಒಳಗಿನದೆಲ್ಲ ಮಾಯ;
ಅಳಿದಿರುವುದಿಲ್ಲ.
ಕಾಡ್ಗಿಚ್ಚು ಗುಡ್ಡ ಇಳಿದ ರಾತ್ರಿ ಹೋದ ಹದಿನೇಳು ಮನೆ,
ನಮ್ಮದೂ ಸೇರಿ, ಅಲ್ಲಿ ಬಿಡಿಸಿದ್ದೆ.
ಯಾಕೆಂದು ಕೇಳಬೇಡಿ.
ಕತ್ತರಿಸುವ ಮುನ್ನ ಆ ಕಣ್ಣು ಮುಚ್ಚಿದೆ.

ಹನ್ನೊಂದು ನಿಮಿಷ. ನೀಲಿ ಕಿಡಿ, ಹೊಗೆ ಹೀರುವ ಕೊಳವೆಯ ಗೊರಕೆ.
ಬೆಚ್ಚಗಿದ್ದಾಗಲೇ ಮಡಿಲಲ್ಲಿ ಸುತ್ತಿ ಮನೆಗೊಯ್ದೆ.

ನಿಬಾಲ್ದೊ ಮೊದಲು ಮುಟ್ಟಲಿಲ್ಲ.
ಮೂಸಿದ.
ಸುಟ್ಟ ಪೈನ್.
ಮುಖ ಬಾಗಿಲ ಕಡೆ ತಿರುಗಿತು, ಕೈ ನನ್ನ ಮಣಿಕಟ್ಟು ಹುಡುಕಿತು.
ಟೀ ಆರುವಷ್ಟು ಹೊತ್ತು ಹಾಗೇ ಕೂತೆವು.

ಆಮೇಲೆ ಬೆರಳು ಮೆಟ್ಟಿಲೆಣಿಸಿತು.
"ಅರವತ್ತೆರಡು ಮಾಡಿದ್ದೀಯ. ಅರವತ್ತಮೂರು.
ಕೊನೆಯದು ಮೋಟು ಮೆಟ್ಟಿಲು, ಹಾಲಿನ ಕ್ಯಾನು ಉರುಳಿಸಿದೆನಲ್ಲ,
ಅಮ್ಮ ನಿನಗೆ ಹೊಡೆದಳು."
ಹೌದು, ನನಗೇ ಹೊಡೆದಳು.
ಬೆರಳು ಏರಿತು, ಎಡಕ್ಕೆ ಹೊರಳಿತು,
ನುಣುಪು ಬಯಲಲ್ಲಿ ನಿಂತಿತು.
ಉಗುರಿನಿಂದ ಎರಡು ಸಲ ತಟ್ಟಿದ, ಕದ ತಟ್ಟುವ ಹಾಗೆ.
"ಇಲ್ಲಿ?"
"ಮುಚ್ಚಿಟ್ಟಿದ್ದೇನೆ."
"ಯಾರಿಂದ? ನನಗೆ ಹೇಗೂ ಕಾಣುವುದಿಲ್ಲ."

ಗುರುವಾರ ಮತ್ತೆ ನೆಲಮಾಳಿಗೆ.
ಮೋಟು ಮೆಟ್ಟಿಲು ಸೇರಿಸಿದೆ.
ಮುಚ್ಚಿದ ಕಣ್ಣು ತೆರೆದೆ; ಹದಿನೇಳೂ ಬಂದು ನಿಂತವು,
ಎಲ್ಲಿ ಬಿಟ್ಟಿದ್ದೆನೋ ಅಲ್ಲೇ.
ಒಂದೊಂದರ ಸುತ್ತಲೂ ಕೂದಲೆಳೆಯಷ್ಟು ಹೆಚ್ಚು ಬಿಟ್ಟೆ,
ಈ ಬೆಂಕಿ ತನ್ನ ಪಾಲಷ್ಟೇ ತಿಂದು ಹೋಗಲಿ ಎಂದು.
ಯೆರ್ಕೊ ಪ್ಲೈವುಡ್ಡಿಗೆ ಮಾತ್ರ ದುಡ್ಡು ಹಿಡಿದ,
ಚಿಲ್ಲರೆ ಇಲ್ಲ, ಮುಂದಿನ ವಾರ ಕೊಡಿ ಅಂದ.