ಸರಪಳಿ ಹಿಡಿದವನು

ಶುರುವಾದದ್ದು ಎಲ್ಲಿಂದ ಅಂತ ನನ್ನನ್ನು ಕೇಳಬೇಡ, ರಿಹಾಬ್.
ನಿನ್ನ ಶಾಲೆಯ ಪುಸ್ತಕದಲ್ಲಿ ಅದಕ್ಕೊಂದು ಇಸವಿ ಇದ್ದೀತು.
ನನಗೆ ಗೊತ್ತಿರುವುದು ಒಂದು ಸರಪಳಿ:
ಇಪ್ಪತ್ತು ಮೀಟರು, ನೂರು ಕೊಂಡಿ,
ಎರಡೂ ತುದಿಗೆ ಹಿತ್ತಾಳೆಯ ಹಿಡಿ.
ಒಂದು ಹಿಡಿ ನನ್ನ ಕೈಯಲ್ಲಿತ್ತು.

ಆಗ ನನಗೆ ಹದಿನೇಳು. ಮರ್ಜ್ ಇಬ್ನ್ ಆಮಿರ್ ಬಯಲು,
ಗೋಧಿಯ ಕೂಳೆ ಅಂಗಾಲು ಚುಚ್ಚುವ ತಿಂಗಳು.
ಮುಕ್ಕಾಲಿ ಯಂತ್ರದ ಹಿಂದೆ ಇಂಗ್ಲಿಷ್ ಸಾಹೇಬ
ಒಂದು ಕಣ್ಣು ಮುಚ್ಚಿ ನಿಂತಿರುತ್ತಿದ್ದ.
ಆ ಗಾಜಿನೊಳಗೆ ಎಲ್ಲವೂ ತಲೆಕೆಳಗಂತೆ.
ನಮ್ಮ ದೇಶವನ್ನು ಅವನು ನೋಡಿದ್ದೇ ಹಾಗೆ.

ಈ ತುಂಡಿಗೆ ಏನನ್ನುತ್ತೀರಿ?
ಕುಂಟ ಒಂಟೆಯ ಹೊಲ, ಅಂದೆ.
ಅದಕ್ಕೆ? ವಿಧವೆ ಸಬ್‌ಹಾಳ ಪಟ್ಟಿ.
ಆಚೆಯದಕ್ಕೆ? ಕತ್ತೆ ಬಿದ್ದ ತಗ್ಗು.
ಅವನು ಬರೆದುಕೊಂಡ: ನಾಲ್ಕು, ಐದು, ಆರು.

ಯಾರ ಹೆಸರಲ್ಲಿದೆ?
ಇದನ್ನು ಕೇಳಿದರೆ ಊರು ಗಂಟಲು ಸರಿಮಾಡಿಕೊಳ್ಳುತ್ತಿತ್ತು.

ತಾತನ ಕಾಲಕ್ಕೆ ತುರ್ಕಿಯವರು ದಫ್ತರ ಹೊತ್ತು ಬಂದಿದ್ದರು,
ಉಳುವವನು ಹೆಸರು ಬರೆಸಲಿ ಅಂತ.
ಹೆಸರು ಕೊಟ್ಟರೆ ಕಂದಾಯ. ಹೆಸರು ಕೊಟ್ಟರೆ
ಮಗನನ್ನು ದಂಡಿಗೆ ಎಳೆದು ಯೆಮೆನ್ನಿನ ಮರಳಲ್ಲಿ ಹೂಳುತ್ತಾರೆ.
ತಾತ ಜಾಣ. ಕಳ್ಳರ ಕಾಲದಲ್ಲಿ ಕುದುರೆ ಬಚ್ಚಿಡುವ ಹಾಗೆ
ಹೆಸರನ್ನು ಬಚ್ಚಿಟ್ಟ.
ಆ ಖಾಲಿ ಜಾಗದಲ್ಲಿ ಬೈರೂತಿನ ಒಬ್ಬ ಸಾಹುಕಾರ ಸಹಿ ಹಾಕಿದ,
ನಮ್ಮ ಮಣ್ಣಿನಲ್ಲಿ ಬೂಟು ಬಿಚ್ಚದವನು.
ನಮಗೇನು? ಉಳುತ್ತಿದ್ದೆವು, ಐದರಲ್ಲೊಂದು ಪಾಲು ಅಳೆಯುತ್ತಿದ್ದೆವು.
ಕಾಗದಕ್ಕೂ ಬೇರು ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಸಾಹುಕಾರನ ಮಕ್ಕಳು ಬೈರೂತಿನಲ್ಲೇ ಕೂತು ಮಾರಿದರು.
ಕೊಂಡದ್ದು ಯಹೂದಿಯರ ಒಂದು ಸಂಸ್ಥೆ.
ಆ ಸಂಸ್ಥೆಯ ಕೂಲಿ, ಫಿಶೆಲ್ ಎಂಬ ಹುಡುಗ,
ಮೂಗಿನ ಚರ್ಮ ಬಿಸಿಲಿಗೆ ಈರುಳ್ಳಿಯಂತೆ ಸುಲಿದವನು,
ಸರಪಳಿಯ ಇನ್ನೊಂದು ಹಿಡಿ ಹಿಡಿದಿದ್ದ.

ಮೂರು ತಿಂಗಳು ಮಾತಿಲ್ಲ. ಬಿಗಿ. ಸಡಿಲ. ಅಷ್ಟೇ.
ಆಮೇಲೊಂದು ಮಧ್ಯಾಹ್ನ, ಬಂಡಿಯ ನೆರಳು,
ನನ್ನ ರೊಟ್ಟಿ, ಅವನ ಟೊಮೇಟೊ.
ಮುರುಕು ಅರಬಿಯಲ್ಲಿ ಹೇಳಿದ:
ನಮ್ಮೂರು ಉಕ್ರೇನಿನದು, ನದಿಯ ದಂಡೆ.
ನಮ್ಮೆಲ್ಲರ ಹೆಸರೂ ಒಂದು ಪಟ್ಟಿಯಲ್ಲಿತ್ತು.
ಪಟ್ಟಿ ಹಿಡಿದವರು ಬಂದಾಗ ನನಗೆ ಒಂಬತ್ತು.
ಯಾವ ಬಾಗಿಲು ಅಂತ ಅವರು ಯಾರನ್ನೂ ಕೇಳಬೇಕಾಗಲಿಲ್ಲ.
ಬೆಳಿಗ್ಗೆ ಬೀದಿಯಲ್ಲಿ ಹಿಮ ಅಂದುಕೊಂಡೆ,
ಸೀಳಿದ ದಿಂಬುಗಳ ಗರಿ.
ಅದರಡಿ ಅಮ್ಮ.

ಇದನ್ನು ತಕ್ಕಡಿಯಲ್ಲಿಡಬೇಡ, ಮಗಳೇ.
ಅದು ಹೊಟ್ಟೆ ತುಂಬಿದವರ ಆಟ.
ಅವನ ಕಥೆಗೆ ನನ್ನ ಗಂಟಲು ಕಟ್ಟಿತು, ನಿಜ.
ನಾಲ್ಕನೇ ದಿನ ಅಮೀನ ಬಂದು ಸಬ್‌ಹಾಳ ಒಲೆ ಒಡೆದದ್ದೂ ನಿಜ.
ನಾವು ಹಗಲು ನೆಟ್ಟ ಗೂಟಗಳನ್ನು ರಾತ್ರಿ ಕಿತ್ತು
ಅವಳು ಅದೇ ಒಲೆಯಲ್ಲಿ ಬೇಳೆ ಬೇಯಿಸುತ್ತಿದ್ದಳು.
ಫಿಶೆಲ್ ಸರಪಳಿ ಸುತ್ತುತ್ತ ಬೆನ್ನು ತಿರುಗಿಸಿ ನಿಂತ.
ನಾನೂ ನಿಂತೆ.
ದಿನಕ್ಕೆ ನನಗೆ ಹತ್ತು ಪಿಯಾಸ್ತ್ರ, ಅವನಿಗೆ ಹದಿನೈದು.

ಮುಂದಿನದು ನಿನಗೆ ಬಾಯಿಪಾಠ:
ಕಾವಲು ಗೋಪುರ, ಸುಟ್ಟ ಕಣ, ಸುಟ್ಟ ಬಸ್ಸು,
ನಲವತ್ತೆಂಟು, ಜೆನಿನ್, ಈ ತಗಡಿನ ಮಾಡು.
ಫಿಶೆಲ್ ಏನಾದನೋ. ಬಂದೂಕು ಹಿಡಿದವರಲ್ಲಿ
ಅವನ ಮೂಗನ್ನು ಹುಡುಕಿದ್ದೇನೆ. ಸಿಗಲಿಲ್ಲ.

ಒಂದು ಮಾತ್ರ ಯಾರಿಗೂ ಹೇಳಿಲ್ಲ.
ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ.
ನೂರು ಕೊಂಡಿಯ ಸರಪಳಿ ನೂರು ಕೊಂಡಿಗಿಂತ ತುಸು ಹೆಚ್ಚೇ ಅಳೆಯುತ್ತದೆ.
ಸಾಹೇಬ ಸಂಜೆ ದೀಪದಡಿ ಆ ಕೂದಲೆಳೆಯನ್ನು
ಲೆಕ್ಕಕ್ಕೆ ಸೇರಿಸಿ ಸರಿಮಾಡುತ್ತಿದ್ದ.
ಸೇರಿಸುವ ತನಕ ಆ ನೆಲ ಯಾರದು,
ಫಿಶೆಲ್ ಒಮ್ಮೆ ಕೇಳಿಯೇಬಿಟ್ಟ.
ಸಾಹೇಬ ಜೋರಾಗಿ ನಕ್ಕ.
ನಾವಿಬ್ಬರೂ ನಗಲಿಲ್ಲ.

ಆ ರೊಟ್ಟಿ, ಆ ಟೊಮೇಟೊ,
ಅಲ್ಲೇ ಕೂತು ತಿಂದಿದ್ದೆವೋ ಏನೋ.
ದೀಪ ಸಣ್ಣ ಮಾಡು, ಎಣ್ಣೆ ತುಟ್ಟಿ.