ಮೂರು ಮೂಲೆ

ಕೆಳಗಿನ ಮೋಟಾರು ವೈಂಡಿಂಗ್ ಅಂಗಡಿಯ ಇಮಾಮಸಾಬ
ಮೊದಲ ದಿನವೇ ಕೇಳಿದ್ದ:
‘ಡ್ರೈವರ್ ಪರೀಕ್ಷೆ ಮಾಡ್ತೀರಂತ, ಯಾವ ಗಾಡೀದ್ರೀ?’
ಗಾಡೀದಲ್ಲ ಕಾಕಾ, ಪರದೆ ಮ್ಯಾಲೆ ಚಿತ್ರ ಮೂಡಸೂ ಕಾರ್ಡಿಂದು.
ಎಷ್ಟು ಹೊತ್ತಿನಾಗ ಎಷ್ಟು ದುಡದೆ ಅಂತ
ತಾನೇ ಒಂದು ಲೆಕ್ಕ ಒಪ್ಪಸತೈತಿ,
ಆ ಲೆಕ್ಕ ಖರೇನೋ ಸುಳ್ಳೋ ನೋಡೂದು ನನ್ನ ಕೆಲಸ.
ತಾಮ್ರದ ತಂತಿ ಸುತ್ತುತ್ತಲೇ ಅಂದ:
‘ಹಂಗಂದ್ರ ಚೆಕಿಂಗ್ ಸ್ಕ್ವಾಡು ಅನ್ರಿ.’

ಗೋಕುಲ ರೋಡಿನ ಈ ಎರಡನೇ ಮಹಡಿಯಲ್ಲಿ
ಮೇ ತಿಂಗಳ ಮಧ್ಯಾಹ್ನ ಯಾವ ಲೆಕ್ಕವನ್ನೂ ನಂಬಬಾರದು.
ಬೆಳಿಗ್ಗೆ ನಾಲ್ಕು ಮಿಲಿಸೆಕೆಂಡಿಗೆ ಮುಗಿದ ಚಿತ್ರಕ್ಕೆ
ಎರಡು ಗಂಟೆಯ ಬಿಸಿಲಲ್ಲಿ ಏಳು.
ಕಾರ್ಡು ಕಾದು ತನ್ನ ವೇಗ ತಾನೇ ಇಳಿಸಿಕೊಂಡಿರುತ್ತದೆ,
ಯಾರಿಗೂ ಹೇಳದೆ.
ಗೂಟ ಹೊಡೆದು ವೇಗವನ್ನು ಕಟ್ಟಿಹಾಕಿದೆ.
ಆಮೇಲೂ ಸಲಕ್ಕೊಂದು ಉತ್ತರ.
ಎಷ್ಟಾಯಿತು ಎಂದು ಕೇಳಿದರೆ ಕೈಕೆಲಸ ಬಿಟ್ಟು ನಿಂತು ಹೇಳುತ್ತದೆ,
ನಿಂತ ಹೊತ್ತನ್ನೂ ದುಡಿದ ಹೊತ್ತಿಗೇ ಬರೆದುಕೊಳ್ಳುತ್ತದೆ.

ಕೇಳುವುದನ್ನು ಕಡಿಮೆ ಮಾಡಿದೆ.

ಬ್ಯಾಡಗಿಯಲ್ಲಿ ನನ್ನ ಸೋದರಮಾವ ಫಕ್ಕೀರಪ್ಪ
ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರು.
ಮಖಮಲ್ಲಿನ ಕುಳಿಗಳಲ್ಲಿ ಮಲಗಿದ ಹಿತ್ತಾಳೆ ತೂಕಗಳ ಪೆಟ್ಟಿಗೆ
ಮಗುವಿನ ಹಾಗೆ ತೊಡೆಯ ಮೇಲೆ.
ಒಮ್ಮೆ ನನ್ನನ್ನೂ ಮೆಣಸಿನಕಾಯಿ ಪೇಟೆಗೆ ಕರೆದೊಯ್ದ.
ಅಡತಿ ಅಂಗಡಿಯಲ್ಲಿ ಚಹ ಬಂತು, ಕುಡಿಯಲಿಲ್ಲ.
ಪೆಟ್ಟಿಗೆಯನ್ನೂ ತೆರೆಯಲಿಲ್ಲ.
ತಕ್ಕಡಿಯನ್ನು ಬರಿದೇ ಎತ್ತಿ ಹಿಡಿಸಿದ.
‘ಮೊದ್ಲ ಖಾಲಿ ತೂಗಬೇಕು ತಂಗಿ,
ಏನೂ ಇಲ್ಲದಾಗ ಏನ ಹೇಳತೈತಿ ನೋಡು.’
ಬಲದ ತಟ್ಟೆ ಕೂದಲೆಳೆಯಷ್ಟು ಕೆಳಗೆ.
ಅಡತಿಯವನ ಮುಖ ಬಿಳಿಚಿತು.
ಮಾವ ಕರವಸ್ತ್ರದಿಂದ ತಟ್ಟೆ ಒರೆಸಿದ,
ವಸ್ತ್ರ ಕೆಂಪಗೆ ಬಂತು,
ಎಷ್ಟು ಸುಗ್ಗಿಯ ಪುಡಿಯೋ.
ಆ ಘಾಟಿಗೆ ಸೀನು ಹಿಡಿಯಿತು ಅವನಿಗೆ,
ಒಂದರ ಮೇಲೊಂದು, ನಾನು ಎಣಿಸಿದ್ದು ಹನ್ನೊಂದು.
ಪ್ರತಿ ಸೀನಿಗೂ ತಕ್ಕಡಿ ನಡುಗಿತು.
ರಿಜಿಸ್ಟರಿನಲ್ಲಿ ಕೊನೆಗೆ ಏನು ಬರೆದನೋ ಗೊತ್ತಿಲ್ಲ.

ಅದಕ್ಕೇ ಹೋದ ಸೋಮವಾರ
ಏನನ್ನೂ ಬಿಡಿಸದೆ ಕೇಳಿ ನೋಡಿದೆ.
ಖಾಲಿ ಪರದೆ. ಗೆರೆಯಿಲ್ಲ, ಚುಕ್ಕೆಯಿಲ್ಲ.
ಎಷ್ಟು ಮೂಲೆ ಎಣಿಸಿದಿ?
ಮೂರು.
ಇನ್ನೊಮ್ಮೆ.
ಮೂರು.
ಯಂತ್ರ ಆರಿಸಿ, ನೀರು ಕುಡಿದು ಬಂದು, ಹಚ್ಚಿ:
ಮೂರು.
ಒಂದು ತ್ರಿಕೋನ ಬಿಡಿಸಿದರೆ ಆರು.
ನೂರು ಬಿಡಿಸಿದರೆ ಮುನ್ನೂರಾ ಮೂರು.
ಸುಳ್ಳು ಹೇಳುವವರಿಗೆ ಇಷ್ಟು ನಿಯತ್ತು ಇರುವುದಿಲ್ಲ
ಎಂದು ಅನಿಸಿತ್ತು,
ಆದರೂ ‘ಎಣಿಕೆ ದೋಷ’ ಎಂದೇ ಬರೆದಿಟ್ಟೆ,
ಕೆಂಪು ಬಣ್ಣದಲ್ಲಿ, ಐದು ದಿನ.

ಶನಿವಾರ ಸಂಜೆ ಶಕೀಲಾ ನದಾಫ್
ಮಧ್ಯಾಹ್ನ ಉಳಿದ ರೊಟ್ಟಿ ಕಟಂ ಎಂದು ಮುರಿಯುತ್ತ ಬಂದು
ನನ್ನ ಹೆಗಲ ಮೇಲಿಂದ ಇಣುಕಿದಳು.
‘ಬರಿಯೂಕಿಂತ ಮೊದ್ಲ
ಪಾಟಿ ಯಾರು ಒರಸಿದ್ರವಾ?’

ಒರೆಸಿದ್ದೂ ಅದೇ.
ಹಳೆಯ ಬಣ್ಣ ಅಳಿಸಲು ಪರದೆಯಗಲದ ಆಯತವೊಂದನ್ನು
ನಾನು ಹೇಳದೆಯೇ ಎಳೆದಿರುತ್ತದೆ ಡ್ರೈವರು.
ಆಯತಕ್ಕೆ ಮೂಲೆ ನಾಲ್ಕಲ್ಲವೇ?
ಮೂರು ಕೊಟ್ಟರೆ ಸಾಕು,
ನಾಲ್ಕನೆಯದು ಎಲ್ಲಿರಬೇಕೆಂದು
ಕಾರ್ಡಿಗೆ ಗೊತ್ತು.

ಎಣಿಕೆ ಸರಿಯಿತ್ತು.
ನನ್ನ ಸೊನ್ನೆ ತಪ್ಪಿತ್ತು.

ಬರಬೇಕಾದ ಉತ್ತರ ೦ ಎಂದಿದ್ದಲ್ಲಿ ೩ ಮಾಡಿದೆ.
‘ಕಾರಣ ಬರಿ ಬಾಜೂಕ,’ ಅಂದಳು ಶಕೀಲಾ,
‘ನಾಳೆ ಯಾರರ ಶಾಣ್ಯಾರು ಬಂದು ತಿದ್ದಿಬಿಡತಾರ.’
ಬರೆಯುತ್ತ ಕೂತೆ. ಎರಡು ಸಾಲಿಗೆ ಅರ್ಧ ತಾಸು.

ಕೆಳಗೆ ಇಮಾಮಸಾಬ
ಸುತ್ತಿ ಮುಗಿಸಿದ ಮೋಟಾರನ್ನು ನೆಲದ ಮೇಲಿಟ್ಟು,
ಪಂಪಿಲ್ಲದೆ, ನೀರಿಲ್ಲದೆ,
ಬರಿದೇ ತಿರುಗಲು ಬಿಟ್ಟು
ಕಣ್ಣು ಮುಚ್ಚಿ ಕಿವಿಗೊಟ್ಟಿದ್ದ.
ನಮ್ಮ ಟ್ಯೂಬ್‌ಲೈಟು ಒಮ್ಮೆ ಕುಗ್ಗಿ ಮತ್ತೆ ಹೊತ್ತಿಕೊಂಡಿತು.

ಆ ಸಲದ ಲೆಕ್ಕ ಹಿಡಿಯಲಿಲ್ಲ.
ಇನ್ನೊಮ್ಮೆ ಓಡಿಸಿದೆ.